ಇಂಕಾ ಹಾದಿ ಹಿಡಿಯಲಿರುವ ಕನ್ನಡದ ಚಾರಣಿಗರಿಗೆ



ಮುಂದಿನ ಹಂಗಾಮಿನ ಇಂಕಾ ಹಾದಿಗೆ ನಿಮ್ಮಲ್ಲಿ ಕೆಲವರ ಪರ್ಮಿಟ್ ಆಗಿದೆ, ಇನ್ನು ಕೆಲವರು ಬುಕಿಂಗ್ ಯಾವಾಗ ತೆರೆಯುತ್ತದೆಂದು ಕಾಯುತ್ತಿದ್ದೀರಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯವರಿದ್ದೀರಿ. ಅಮೆರಿಕದಲ್ಲಿದ್ದು ಅಲ್ಲಿಂದಲೇ ಪೆರುವಿಗೆ ಹಾರುವವರೂ ಇದ್ದೀರಿ. ಕುಮಾರ ಪರ್ವತದ ಬಿಸಿಲಲ್ಲಿ ಬೆವರು ಹರಿಸಿದವರು, ಯೂತ್ ಹಾಸ್ಟೆಲ್‌ನವರ ಜೊತೆ ಹಿಮಾಲಯದ ಸರ್ ಪಾಸ್ ದಾಟಿದವರು ನೀವು. ನಡೆಯುವುದು ಹೇಗೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಬರೆಯುತ್ತಿರುವುದು ಆ ನಡಿಗೆ ಮುಗಿಯುವ ಬಗೆಯನ್ನು ಕುರಿತು. ನೀವು ಮಾಚು ಪಿಚುವಿಗೆ ಕಾಲಿಡುವ ಬೆಳಿಗ್ಗೆ, ಅಲ್ಲಿಯವರೆಗೆ ನಿಮ್ಮ ಜೊತೆ ನಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿಮ್ಮೊಂದಿಗೆ ಇರುವುದಿಲ್ಲ. ಅವರು ಯಾರು, ಎಲ್ಲಿಗೆ ಹೋದರು, ಅವರಿಗೆ ಸಲ್ಲಬೇಕಾದದ್ದು ಏನು ಎನ್ನುವುದನ್ನು ಹೊರಡುವ ಮುಂಚೆಯೇ ತಿಳಿದುಕೊಂಡು ಹೋಗಿ ಎಂದು ಕೇಳಿಕೊಳ್ಳಲು ಈ ಪತ್ರ.

ಹಾದಿಯ ವಿವರ ನಿಮಗೆ ಗೊತ್ತಿರುವುದೇ. ಆದರೂ ಒಮ್ಮೆ ಕಣ್ಣಮುಂದೆ ಇಟ್ಟುಕೊಳ್ಳೋಣ. ಕುಸ್ಕೋ ಕಡೆಯಿಂದ ಮಾಚು ಪಿಚುವಿನತ್ತ ಹೋಗುವ ರೈಲುಹಳಿಯ 82ನೇ ಕಿಲೋಮೀಟರಿನಲ್ಲಿ ಪಿಸ್ಕಾಕುಚೊ ಎಂಬ ಜಾಗವಿದೆ. ಅಲ್ಲಿ ಉರುಬಂಬಾ ನದಿಯ ಸೇತುವೆ ದಾಟಿದರೆ ಹಾದಿ ಶುರು. ಒಟ್ಟು ಸುಮಾರು 43 ಕಿಲೋಮೀಟರ್, ನಾಲ್ಕು ದಿನ, ಮೂರು ರಾತ್ರಿ. ದೂರ ದೊಡ್ಡದಲ್ಲ, ಎತ್ತರವೇ ಕಷ್ಟ. ಸೇತುವೆಯ ಬಳಿ 2,700 ಮೀಟರ್ ಆಸುಪಾಸು. ಎರಡನೇ ದಿನ ಹತ್ತುವ ವಾರ್ಮಿವಾನ್ಯುಸ್ಕಾ ಪಾಸ್ 4,215 ಮೀಟರ್. ಕೊನೆಗೆ ಮಾಚು ಪಿಚು 2,430. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಅಲ್ಲಿ ನಾವು ‘ಇಳಿದು’ ಸೇರುವ ಊರೇ ನಮ್ಮ ಶಿಖರಕ್ಕಿಂತ ಐನೂರು ಮೀಟರ್ ಮೇಲಿದೆ. ಕುಸ್ಕೋ ನಗರವೇ 3,400 ಮೀಟರ್ ಎತ್ತರದಲ್ಲಿರುವುದರಿಂದ ಎರಡು ಮೂರು ದಿನ ಅಲ್ಲಿದ್ದು ಮೈ ಒಗ್ಗಿಸಿಕೊಂಡು ಹೊರಡಿ. ಎತ್ತರದ ಕಾಯಿಲೆಯ ಮಾತ್ರೆಯ ಬಗ್ಗೆ ಊರಿನಲ್ಲೇ ನಿಮ್ಮ ಡಾಕ್ಟರನ್ನು ಕೇಳಿ. ದೇಹದ ತಯಾರಿಯ ಬಗ್ಗೆ ನಾನು ಹೇಳುವುದು ಇಷ್ಟೇ.

ಈಗ ಒಂದು ಲೆಕ್ಕ ನೋಡಿ. ಈ ಹಾದಿಗೆ ದಿನಕ್ಕೆ 500 ಜನರಿಗೆ ಮಾತ್ರ ಪ್ರವೇಶ. ಬುಕಿಂಗ್ ತೆರೆದ ಕೆಲವೇ ದಿನಗಳಲ್ಲಿ ಮೇ, ಜೂನ್, ಜುಲೈ ತಿಂಗಳು ಭರ್ತಿಯಾಗುತ್ತವೆ ಎಂದು ಎಲ್ಲರೂ ಹೇಳುವುದನ್ನು ಕೇಳಿರುತ್ತೀರಿ. ಆದರೆ ಆ 500ರಲ್ಲಿ ನಮ್ಮಂಥ ಚಾರಣಿಗರು 200ರ ಆಸುಪಾಸು ಮಾತ್ರ. ಉಳಿದ 300 ಜನ ಗೈಡ್‌ಗಳು, ಅಡುಗೆಯವರು, ಪೋರ್ಟರ್‌ಗಳು. ಇಬ್ಬರು ನಡೆಯಲು ಮೂವರು ದುಡಿಯಬೇಕು. ಹಿಮಾಲಯದಲ್ಲಾದರೆ ಹೇಸರಗತ್ತೆಗಳಿವೆ, ಕುದುರೆಗಳಿವೆ. ಇಲ್ಲಿ ಇಂಕಾ ಕಾಲದ ಕಲ್ಲುಹಾಸು ಕಿತ್ತುಹೋಗುತ್ತದೆಂದು ಗೊರಸಿನ ಪ್ರಾಣಿಗಳನ್ನು ಮೇಲಿನ ದಾರಿಗೆ ಬಿಡುವುದಿಲ್ಲ. ನಮ್ಮ ಊರುಗೋಲಿನ ಮೊನೆಗೂ ರಬ್ಬರ್ ಟೋಪಿ ಹಾಕಿಸುತ್ತಾರೆ. ಕಲ್ಲನ್ನು ಉಳಿಸುವ ಕಾಳಜಿ ಸರಿಯಾದದ್ದೇ. ಆದರೆ ಆ ಕಾಳಜಿಯ ಭಾರ ಬೀಳುವುದು ಮನುಷ್ಯರ ಬೆನ್ನಿನ ಮೇಲೆ. ಮಲಗುವ ಟೆಂಟ್, ಊಟದ ಟೆಂಟ್, ಮಡಚುವ ಮೇಜು ಕುರ್ಚಿ, ಗ್ಯಾಸ್ ಸಿಲಿಂಡರ್, ಪಾತ್ರೆ, ನಾಲ್ಕು ದಿನದ ದಿನಸಿ, ಮೊಟ್ಟೆ, ಆಮ್ಲಜನಕದ ಸಿಲಿಂಡರ್, ಜೊತೆಗೆ ನಮ್ಮ ಬಟ್ಟೆಬರೆ, ಸ್ಲೀಪಿಂಗ್ ಬ್ಯಾಗು, ಎಲ್ಲವೂ ಯಾರದೋ ಭುಜದ ಮೇಲೆ ಆ ಪಾಸ್ ದಾಟಬೇಕು. ವಾಪಸ್ ಬರುವಾಗ ನಾವು ಮಾಡಿದ ಕಸವೂ ಅಷ್ಟೇ.

ಇದಕ್ಕೊಂದು ಹಿನ್ನೆಲೆಯಿದೆ. ತೊಂಬತ್ತರ ದಶಕದಲ್ಲಿ ಈ ಹಾದಿಗೆ ಹೇಳುವವರು ಕೇಳುವವರು ಇರಲಿಲ್ಲ. ಯಾರು ಬೇಕಾದರೂ ಎಷ್ಟು ಜನ ಬೇಕಾದರೂ ನುಗ್ಗುತ್ತಿದ್ದರು, ಹಾದಿಯುದ್ದಕ್ಕೂ ಕಸದ ರಾಶಿ. ಪೋರ್ಟರ್‌ಗಳು 40-50 ಕಿಲೋ ಹೊತ್ತು ಹತ್ತುತ್ತಿದ್ದರು. ಅವರ ಊಟ, ಹಾಸಿಗೆ, ಮಳೆಗೆ ಹೊದಿಕೆ ಏಜೆನ್ಸಿಯ ಹೊಣೆಯಲ್ಲ ಎಂಬಂತೆ ನಡೆಯುತ್ತಿತ್ತು. 2001ರಲ್ಲಿ ಪೆರು ದೇಶ ಪೋರ್ಟರ್‌ಗಳಿಗಾಗಿಯೇ ಒಂದು ಕಾನೂನು ತಂದಿತು. ಒಬ್ಬರು ಹೊರಬಹುದಾದ ಭಾರಕ್ಕೆ 20 ಕಿಲೋ ಮಿತಿ ಬಂತು. ಅವರ ಸ್ವಂತ ಸಾಮಾನೂ ಆ ಇಪ್ಪತ್ತರೊಳಗೇ ಲೆಕ್ಕ. ಇತ್ತೀಚೆಗೆ ಈ ಕೆಲಸಕ್ಕೆ ಬರುತ್ತಿರುವ ಹೆಂಗಸರಿಗೆ ಮಿತಿ 15 ಕಿಲೋ. ಕನಿಷ್ಠ ಕೂಲಿ, ಊಟ, ವಿಮೆ ಎಲ್ಲವೂ ಕಾಗದದಲ್ಲಿ ಬಂದವು. ಕಾಗದದಲ್ಲಿ ಬಂದದ್ದಕ್ಕೂ ಮೈಮೇಲೆ ಬಂದದ್ದಕ್ಕೂ ಇರುವ ಅಂತರ ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯ ಏಜೆನ್ಸಿಗಳು ಕಾನೂನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಒಳ್ಳೆಯ ಬೂಟು, ಬೆನ್ನಿಗೆ ಒತ್ತದ ಬ್ಯಾಗು, ಸೊಂಟದ ಪಟ್ಟಿ ಕೊಡುತ್ತವೆ. ಅಗ್ಗದ ದರ ತೋರಿಸಿ ಜನ ಸೇರಿಸುವವರು ಉಳಿತಾಯ ಮಾಡುವುದು ಮೊದಲು ಪೋರ್ಟರ್‌ನ ಕೂಲಿಯಲ್ಲಿ, ಆಮೇಲೆ ಅವನ ತಟ್ಟೆಯಲ್ಲಿ.

ಪಿಸ್ಕಾಕುಚೊದ ತೂಕದ ಕಟ್ಟೆಯ ಬಳಿ ಸ್ವಲ್ಪ ಹೊತ್ತು ನಿಂತು ನೋಡಿ. ಚಾರಣಿಗರು ಪಾಸ್‌ಪೋರ್ಟ್ ಹಿಡಿದು ಒಂದು ಸಾಲಿನಲ್ಲಿ ನಿಂತಿರುತ್ತಾರೆ. ಪೋರ್ಟರ್‌ಗಳು ಇನ್ನೊಂದು ಸಾಲಿನಲ್ಲಿ ಮೂಟೆಗಳನ್ನು ಒಂದೊಂದಾಗಿ ತಕ್ಕಡಿಗಿಟ್ಟು ತೂಗಿಸಿಕೊಳ್ಳುತ್ತಿರುತ್ತಾರೆ. ನಾನು ನೋಡುತ್ತಿದ್ದಾಗ ಒಬ್ಬರ ಮೂಟೆ ಇಪ್ಪತ್ತು ದಾಟಿತು. ಅವರು ಸದ್ದಿಲ್ಲದೆ ಹಗ್ಗ ಬಿಚ್ಚಿ ಒಂದು ಚೀಲ ಆಲೂಗಡ್ಡೆ ಹೊರತೆಗೆದು ಪಕ್ಕದಲ್ಲಿದ್ದ ಹುಡುಗನ ಮೂಟೆಗೆ ಸೇರಿಸಿ, ಮತ್ತೆ ಬಿಗಿದು ತೂಗಿಸಿದರು. ಅಧಿಕಾರಿ ಮುದ್ರೆ ಒತ್ತಿದ. ಅಲ್ಲಿ ಒಂದೊಂದು ಕಿಲೋಗೂ ಲೆಕ್ಕವಿದೆ ಎಂದು ಆಗ ಅರಿವಾಯಿತು. ಸಾಮಾನ್ಯವಾಗಿ ಒಬ್ಬೊಬ್ಬ ಚಾರಣಿಗನಿಗೆ ಏಳು ಕಿಲೋ ಎಂದು ಏಜೆನ್ಸಿಗಳು ಹೇಳುತ್ತವೆ, ಸ್ಲೀಪಿಂಗ್ ಬ್ಯಾಗ್ ಮತ್ತು ಮ್ಯಾಟ್ ಸೇರಿಸಿ. ಅದನ್ನು ಎಂಟು ಮಾಡಬೇಡಿ. ಪುಸ್ತಕ, ಎರಡನೇ ಸ್ವೆಟರ್, ಊರಿನಿಂದ ತಂದ ಚಕ್ಕುಲಿ ಕೋಡುಬಳೆಯ ಡಬ್ಬ, ಯಾವುದು ಬೇಕೋ ಅದನ್ನು ನಿಮ್ಮ ಬೆನ್ನಿಗೇ ಹಾಕಿಕೊಳ್ಳಿ.

ಹಾದಿಯಲ್ಲಿ ಮೊದಲು ಕಲಿಯುವ ಶಿಸ್ತೂ ಅವರದ್ದೇ. ಹಿಂದಿನಿಂದ ‘ಪೋರ್ಟರ್!’ ಎಂದು ಯಾರಾದರೂ ಕೂಗಿದರೆ ಬೆಟ್ಟದ ಗೋಡೆಯ ಕಡೆ ಸರಿದು ನಿಲ್ಲಿ, ಕಮರಿಯ ಕಡೆ ಅಲ್ಲ. ಅವರಿಗೆ ದಾರಿ ಬಿಡಿ. ನಾವು ಟೆಂಟ್ ಬಿಟ್ಟು ಹೊರಟ ಮೇಲೆ ಅವರು ಪಾತ್ರೆ ತೊಳೆದು, ಟೆಂಟ್ ಕಿತ್ತು, ಮಡಚಿ, ಕಟ್ಟಿ, ನಮ್ಮನ್ನು ದಾಟಿ ಮುಂದೆ ಹೋಗಿ, ಮಧ್ಯಾಹ್ನದ ಊಟಕ್ಕೆ ಒಲೆ ಹಚ್ಚಿರಬೇಕು. ಊಟವಾದ ಮೇಲೆ ಇದೇ ಮತ್ತೊಮ್ಮೆ. ಮೆಟ್ಟಿಲಿಳಿಯುವಾಗ ಅವರು ಓಡುತ್ತಾರೆ. ಭಾರ ಬೆನ್ನ ಮೇಲಿದ್ದಾಗ ನಿಧಾನಕ್ಕೆ ಇಳಿಯುವುದೇ ಮಂಡಿಗೆ ಹೆಚ್ಚು ಕಷ್ಟ ಎಂದು ಒಬ್ಬರು ಹೇಳಿದರು. ಹಳಬರಲ್ಲಿ ಕೆಲವರ ಕಾಲಲ್ಲಿ ಈಗಲೂ ಟೈರಿನಿಂದ ಮಾಡಿದ ಚಪ್ಪಲಿ. ಒದ್ದೆ ಕಲ್ಲಿನ ಮೇಲೆ ಅದರಷ್ಟು ಹಿಡಿತ ಯಾವ ಬೂಟಿಗೂ ಇಲ್ಲ ಎಂಬುದು ಅವರ ವಾದ.

ಇವರಲ್ಲಿ ಹೆಚ್ಚಿನವರು ಕುಸ್ಕೋ ಸುತ್ತಲ ಎತ್ತರದ ಹಳ್ಳಿಗಳ ರೈತರು. ಮನೆಮಾತು ಕೆಚುವಾ. ಸ್ಪ್ಯಾನಿಷ್ ಶಾಲೆಯಲ್ಲಿ, ಸಂತೆಯಲ್ಲಿ ಕಲಿತದ್ದು. ಹೊಲದಲ್ಲಿ ಆಲೂಗಡ್ಡೆ, ಮುಸುಕಿನ ಜೋಳ, ಒಂದಿಷ್ಟು ಕುರಿ, ಲಾಮಾ. ಬಿತ್ತನೆ ಕಟಾವಿನ ನಡುವೆ ಸಿಗುವ ನಗದು ದುಡ್ಡೆಂದರೆ ಈ ಕೂಲಿ. ಮಳೆಗಾಲದ ಫೆಬ್ರವರಿಯಲ್ಲಿ ದುರಸ್ತಿಗೆಂದು ಹಾದಿ ಮುಚ್ಚಿರುತ್ತದೆ, ಆ ತಿಂಗಳು ದುಡಿಮೆಯಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಮಾಚು ಪಿಚು ಮುಚ್ಚಿದ್ದು ಮತ್ತೆ ತೆರೆದದ್ದು ನವೆಂಬರಿನಲ್ಲಿ. ಆ ತಿಂಗಳುಗಳನ್ನು ಹೊಲದ ಆಲೂಗಡ್ಡೆಯೇ ದಾಟಿಸಿತು ಎಂದು ನಮ್ಮ ತಂಡದ ಅಡುಗೆಯವರು ಹೇಳುತ್ತಿದ್ದರು. ‘ಇಷ್ಟು ಕಷ್ಟವಿದ್ದರೆ ಪೋರ್ಟರ್ ಇಲ್ಲದೆಯೇ ಹೋಗಬಾರದೇಕೆ’ ಎಂದು ನಿಮ್ಮಲ್ಲಿ ಯಾರಿಗಾದರೂ ಅನ್ನಿಸಿದರೆ ಆ ಯೋಚನೆ ಬಿಡಿ. ಅವರಿಗೆ ಈ ಕೆಲಸ ಬೇಕು. ಕೆಲಸ ತಪ್ಪಿಸಿ ಅವರಿಗೆ ಉಪಕಾರ ಮಾಡಿದಂತಾಗುವುದಿಲ್ಲ. ಕೆಲಸಕ್ಕೆ ತಕ್ಕ ಕೂಲಿ, ಮನುಷ್ಯರಿಗೆ ತಕ್ಕ ನಡವಳಿಕೆ, ಕೇಳುವುದು ಅಷ್ಟೇ.

ಎರಡನೇ ದಿನದ ಏರು ನಿಮ್ಮನ್ನು ಮೌನವಾಗಿಸುತ್ತದೆ. ವಾಯ್ಯಾಬಾಂಬಾ ಹಳ್ಳಿ ಬಿಟ್ಟ ಮೇಲೆ ಮೋಡದ ಕಾಡು, ಪಾಚಿ ಹಿಡಿದ ಮರಗಳು, ಆಮೇಲೆ ಒಣ ಹುಲ್ಲಿನ ಬೋಳು ಬೆಟ್ಟ. ಪಾಸ್ ಅಗೋ ಅಲ್ಲೇ ಕಾಣುತ್ತಿರುತ್ತದೆ, ಎಷ್ಟು ಹೆಜ್ಜೆ ಹಾಕಿದರೂ ಅಲ್ಲೇ ಇರುತ್ತದೆ. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುವಾಗ ಬೆನ್ನ ಮೇಲೆ ನೀಲಿ ಮೂಟೆ ಹೊತ್ತವರು ಪಕ್ಕದಲ್ಲೇ ದಾಟಿಹೋಗುತ್ತಾರೆ. ಅವರ ಕೆನ್ನೆಯಲ್ಲಿ ಕೋಕಾ ಎಲೆಯ ಉಂಡೆ. ಪಾಸ್‌ನ ನೆತ್ತಿಯಲ್ಲಿ ಒಬ್ಬರು ಮೂಟೆ ಇಳಿಸಿ, ಚೀಲದಿಂದ ಮುಕ್ಕಾಗದ ಮೂರು ಎಲೆ ಆರಿಸಿ ಬೀಸಣಿಗೆಯಂತೆ ಜೋಡಿಸಿ, ಹಿಮದ ಬೆಟ್ಟದತ್ತ ಮುಖ ಮಾಡಿ ಅದರ ಮೇಲೆ ಉಸಿರೂದಿ ಕಲ್ಲಿನ ಸಂದಿಯಲ್ಲಿಟ್ಟರು. ಅವರ ಪಾಲಿಗೆ ಬೆಟ್ಟಗಳು ಆಪು, ಅಂದರೆ ದೇವರು. ಫೋಟೋ ತೆಗೆಯಲು ಮೊಬೈಲ್ ಎತ್ತಿದವರನ್ನು ಗೈಡ್ ಕಣ್ಣಿನಲ್ಲೇ ತಡೆದರು. ನೀವೂ ಅಂಥ ಗಳಿಗೆಯಲ್ಲಿ ಮೊಬೈಲ್ ಜೇಬಿನಲ್ಲಿಡಿ.

ಅಂದು ಸಂಜೆ ಪಾಕಾಯ್‌ಮಾಯೊ ಬಿಡಾರಕ್ಕೆ ಇಳಿಯುವ ಹೊತ್ತಿಗೆ ಟೆಂಟ್‌ಗಳು ಎದ್ದು ನಿಂತಿರುತ್ತವೆ. ಬಾಗಿಲಿಗೊಂದರಂತೆ ಬಿಸಿನೀರಿನ ಬೋಗುಣಿ. ಐದು ಗಂಟೆಗೆ ಚಹಾ, ಜೊತೆಗೆ ಬೇಸಿನ್ನಿನ ತುಂಬ ಮುಸುಕಿನ ಜೋಳದ ಅರಳು. ನಾನು ಸಸ್ಯಾಹಾರಿ. ನನಗಾಗಿ ಅಡುಗೆಯವರು ಕಿನೋವಾ ಸಾರು, ಆಲೂಗಡ್ಡೆ ಪಲ್ಯದಂಥದ್ದು, ಅನ್ನ ಮಾಡಿಕೊಟ್ಟರು. ಒಂದೇ ಒಂದು ಹೊತ್ತೂ ನನ್ನ ತಟ್ಟೆ ಬೇರೆಯವರದ್ದಕ್ಕಿಂತ ಬಡವಾಗಲಿಲ್ಲ. ಅಡುಗೆ ಟೆಂಟಿನೊಳಗೆ ಇಣುಕಿದಾಗ ಕಂಡದ್ದು ಹೇಳುತ್ತೇನೆ. ಬೆಳಕೆಂದರೆ ಹಣೆಗೆ ಕಟ್ಟಿದ ಒಂದು ಟಾರ್ಚ್. ನೆಲದ ಮೇಲೆ ಮಂಡಿಯೂರಿ ಕುಳಿತ ಇಬ್ಬರು, ಒಬ್ಬರು ಈರುಳ್ಳಿ ಹೆಚ್ಚುತ್ತಿದ್ದಾರೆ, ಇನ್ನೊಬ್ಬರು ಸೊಂಟಕ್ಕೆ ಟವೆಲ್ ಸುತ್ತಿಕೊಂಡು ನಾಲ್ಕು ಪಾತ್ರೆಗಳ ಮೇಲೆ ಕಣ್ಣಿಟ್ಟಿದ್ದಾರೆ. 3,600 ಮೀಟರಿನಲ್ಲಿ ನೀರು ಬೇಗ ಕುದಿಯುತ್ತದೆ, ಅಕ್ಕಿ ಮಾತ್ರ ಬೇಯುವುದಿಲ್ಲ. ಪ್ರೆಶರ್ ಕುಕ್ಕರನ್ನೂ ಯಾರೋ ಹೊತ್ತು ತಂದಿದ್ದರು. ನಮ್ಮ ಊಟ ಮುಗಿದು, ನಾವು ಎದ್ದು ಹೋದ ಮೇಲೆ, ಅದೇ ಊಟದ ಟೆಂಟಿನಲ್ಲಿ ಪೋರ್ಟರ್‌ಗಳು ಸಾಲಾಗಿ ಮಲಗುತ್ತಾರೆ. ಹಾಗಾಗಿ ರಾತ್ರಿ ಊಟವಾದ ಮೇಲೆ ಇಸ್ಪೀಟು ಹರಡಿ ಹತ್ತು ಗಂಟೆಯವರೆಗೆ ಹರಟುವ ತಂಡಗಳು ಅವರ ನಿದ್ದೆಯನ್ನು ಕದಿಯುತ್ತಿವೆ. ಬೇಗ ಎದ್ದುಬಿಡಿ.

ಮೂರನೇ ದಿನ ಈ ಹಾದಿಯ ಜೀವ. ಅವಶೇಷಗಳನ್ನು ನೋಡಲು ನಾಲ್ಕನೇ ದಿನದವರೆಗೆ ಕಾಯಬೇಕು ಎಂದುಕೊಂಡವರು ಅಂದು ಕಣ್ಣು ತೆರೆಯುತ್ತಾರೆ. ರುಂಕುರಾಕಾಯ್‌ನ ದುಂಡು ಕಟ್ಟಡ ಒಂದು ಕಾಲದ ತಂಗುದಾಣವಾಗಿದ್ದಿರಬಹುದು. ಮುಂದೆ ಸಾಯಾಕ್‌ಮಾರ್ಕಾ, ಮೂರು ಕಡೆ ಪ್ರಪಾತವಿರುವ ಬಂಡೆಯ ಮೂಗಿನ ಮೇಲೆ ಕಟ್ಟಿದ ಊರು, ಒಳಹೋಗಲು ಒಂದೇ ಕಡಿದಾದ ಮೆಟ್ಟಿಲಸಾಲು. ಅಲ್ಲಿಂದ ಮುಂದಿನ ಕಲ್ಲುಹಾದಿಯ ಬಹುಭಾಗ ಇಂಕಾಗಳು ಹಾಸಿದ್ದೇ. ಜವುಗಿನ ಮೇಲೆ ಕಲ್ಲಿನ ಏರಿ ಕಟ್ಟಿ, ಬಂಡೆ ಅಡ್ಡ ಬಂದಲ್ಲಿ ಸೀಳನ್ನು ಅಗಲಿಸಿ ಸುರಂಗ ಮಾಡಿ ಒಯ್ದಿದ್ದಾರೆ. ಚಿಲಿಯಿಂದ ಕೊಲಂಬಿಯಾದವರೆಗೆ ಇಂದಿನ ಆರು ದೇಶಗಳಲ್ಲಿ ಹರಡಿದ್ದ ಕಾಪಾಕ್ ನ್ಯಾನ್ ಎಂಬ ರಸ್ತೆಜಾಲದ ಒಂದು ಎಳೆ ಇದು. ಆ ಜಾಲವನ್ನು ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಕಾಗಳಿಗೆ ಗಾಲಿಬಂಡಿ ಇರಲಿಲ್ಲ, ಕುದುರೆ ಇರಲಿಲ್ಲ, ಕಬ್ಬಿಣ ಇರಲಿಲ್ಲ. ಲಾಮಾ ಹೊರುವುದು ಮೂವತ್ತು ಕಿಲೋ ಒಳಗೆ. ಉಳಿದದ್ದೆಲ್ಲ ಮನುಷ್ಯನ ಬೆನ್ನು, ಮನುಷ್ಯನ ಕಾಲು. ಸುದ್ದಿ ಒಯ್ಯುವ ಚಾಸ್ಕಿಗಳು ಸರದಿಯಲ್ಲಿ ಓಡುತ್ತಿದ್ದರು. ಇವತ್ತಿನ ಗೈಡ್‌ಗಳು ಪೋರ್ಟರ್‌ಗಳನ್ನು ಪ್ರೀತಿಯಿಂದ ಅದೇ ಹೆಸರಿನಲ್ಲಿ ಕರೆಯುತ್ತಾರೆ.

ಫುಯುಪಾತಾಮಾರ್ಕಾದಲ್ಲಿ ಮಂಜು ಸರಿದರೆ ಕಲ್ಲಿನ ಸ್ನಾನದ ತೊಟ್ಟಿಗಳ ಸಾಲು ಕಾಣುತ್ತದೆ. ಒಂದರಿಂದ ಇನ್ನೊಂದಕ್ಕೆ ನೀರು ಇಂದಿಗೂ ಹರಿಯುತ್ತಿದೆ. ಅಲ್ಲಿಂದ ಕೆಳಕ್ಕೆ ಸಾವಿರಕ್ಕೂ ಮೀರಿದ ಮೆಟ್ಟಿಲು. ಮಂಡಿ ನಡುಗುವ ಹೊತ್ತಿಗೆ ವಿನ್ಯಾಯ್ ವಾಯ್ನಾ ಬರುತ್ತದೆ. ನನ್ನ ಮಟ್ಟಿಗೆ ಇಡೀ ಹಾದಿಯ ಅತಿ ಸುಂದರ ಜಾಗ ಇದೇ. ಬೆಟ್ಟದ ಹೊಟ್ಟೆಗೆ ಅಂಟಿಕೊಂಡು ಬಾಗಿದ ಮೆಟ್ಟಿಲು ಹೊಲಗಳು, ಅವುಗಳ ಪಕ್ಕದಲ್ಲಿ ಮೇಲಿನ ಮನೆಗಳಿಂದ ಕೆಳಗಿನ ಮನೆಗಳವರೆಗೆ ಇಳಿಯುವ ನೀರಿನ ತೊಟ್ಟಿಗಳು, ಎದುರು ಕಣಿವೆಯಾಚೆ ಒಂದು ಜಲಪಾತ. ಬಸ್ಸು ರೈಲಿನಲ್ಲಿ ಮಾಚು ಪಿಚು ನೋಡಿ ಹೋಗುವ ಲಕ್ಷಾಂತರ ಜನರಿಗೆ ಇದು ಸಿಗುವುದಿಲ್ಲ. ಬಿಡಾರ ಇಲ್ಲಿಂದ ಕೂಗಳತೆಯಲ್ಲಿದೆ. ದಣಿದು ಟೆಂಟಿನಲ್ಲಿ ಒರಗುವ ಮುಂಚೆ ಒಂದು ಗಂಟೆ ಇದಕ್ಕೆ ಎತ್ತಿಡಿ. ಮರುದಿನ ಬೆಳಿಗ್ಗೆ ಕತ್ತಲಲ್ಲಿ ಹೊರಡುತ್ತೀರಿ, ಆಗ ನೋಡಲಾಗದು.

ಇದನ್ನೆಲ್ಲ ಕಟ್ಟಿದವರು ಯಾರು? ಮಾಚು ಪಿಚು ಇಂಕಾ ದೊರೆ ಪಾಚಾಕುತಿಯ ಕಾಲದ್ದು, ಅವನ ಅರಮನೆ ಎಂದು ಪುಸ್ತಕ ಹೇಳುತ್ತದೆ. 2021ರಲ್ಲಿ ಪ್ರಕಟವಾದ ಕಾಲನಿರ್ಣಯದ ಪ್ರಕಾರ ಅಲ್ಲಿ ಜನ ನೆಲೆಸಿದ್ದು ಸುಮಾರು 1420ರಿಂದ 1530ರವರೆಗೆ. ಅಂದರೆ ನಮ್ಮಲ್ಲಿ ಇಮ್ಮಡಿ ದೇವರಾಯನಿಂದ ಅಚ್ಯುತರಾಯನವರೆಗೆ ತುಂಗಭದ್ರೆಯ ದಂಡೆಯಲ್ಲಿ ಹಂಪಿ ಬೆಳೆಯುತ್ತಿದ್ದ ಕಾಲವೇ. ಅರಸನ ಹೆಸರು ಉಳಿಯಿತು. ಕಲ್ಲು ಹೊತ್ತವರ ಹೆಸರಿಲ್ಲ. ಆದರೆ ಅವರ ಎಲುಬುಗಳಿವೆ. ಅಲ್ಲಿ ಹೂತಿದ್ದ 34 ಜನರ ಡಿಎನ್‌ಎ ಓದಿದ ಅಧ್ಯಯನವೊಂದು 2023ರಲ್ಲಿ ಹೊರಬಂತು. ಸತ್ತವರು ಅರಸು ಮನೆತನದವರಲ್ಲ, ಆ ಅರಮನೆಯ ಊಳಿಗದವರು. ಕರಾವಳಿ, ಎತ್ತರದ ಬೆಟ್ಟ, ದೂರದ ಅಮೆಜಾನ್ ಕಾಡು, ಹೀಗೆ ಸಾಮ್ರಾಜ್ಯದ ನಾನಾ ಮೂಲೆಗಳಿಂದ ತಂದವರು. ಒಂದು ತಾಯಿ ಮಗಳ ಜೋಡಿ ಬಿಟ್ಟರೆ ಹತ್ತಿರದ ರಕ್ತಸಂಬಂಧಿಗಳೇ ಅವರೊಳಗೆ ಇರಲಿಲ್ಲ. ಊರು ಬಂಧುಬಳಗ ಬಿಟ್ಟು ಬಂದು ಇನ್ನೊಬ್ಬರ ಅರಮನೆಯಲ್ಲಿ ದುಡಿದು ಅಲ್ಲಿಯೇ ಮಣ್ಣಾದ ಜನ. ಈ ಅಧ್ಯಯನವನ್ನು ಹೊರಡುವ ಮುಂಚೆ ಓದಿಕೊಂಡು ಹೋಗಿ. ಆಮೇಲೆ ಆ ಗೋಡೆಗಳು ಬೇರೆಯಾಗಿ ಕಾಣುತ್ತವೆ.

ಬಿಂಗಮ್ ಕತೆಯೂ ಇದರ ಮುಂದುವರಿಕೆಯೇ. 1911ರ ಜುಲೈ 24ರಂದು ಯೇಲ್ ವಿಶ್ವವಿದ್ಯಾಲಯದ ಹೈರಮ್ ಬಿಂಗಮ್ ಮಾಚು ಪಿಚುವನ್ನು ‘ಕಂಡುಹಿಡಿದ’ ಎಂದು ಶಾಲೆಯಲ್ಲಿ ಓದಿದ್ದೇವೆ. ಅವನನ್ನು ಕೈಹಿಡಿದು ಮೇಲೆ ಕರೆದೊಯ್ದವನು ಮೆಲ್ಚೋರ್ ಆರ್ತೇಗಾ ಎಂಬ ಅಲ್ಲಿಯ ರೈತ, ಪೆರುವಿನ ಒಂದು ಸೋಲ್ ನಾಣ್ಯದ ಕೂಲಿಗೆ. ಮೇಲೆ ಆ ಮೆಟ್ಟಿಲು ಹೊಲಗಳಲ್ಲಿ ರೈತ ಕುಟುಂಬಗಳು ಬೆಳೆ ತೆಗೆಯುತ್ತಿದ್ದವು. ಅವಶೇಷಗಳ ನಡುವೆ ದಾರಿ ತೋರಿಸಿದ್ದು ಒಬ್ಬ ಪುಟ್ಟ ಹುಡುಗ. 1902ರಲ್ಲೇ ಅಗುಸ್ತಿನ್ ಲಿಸಾರಾಗಾ ಎಂಬ ಸ್ಥಳೀಯ ತನ್ನ ಹೆಸರನ್ನು ಗೋಡೆಯ ಮೇಲೆ ಬರೆದುಹೋಗಿದ್ದ. ಬಿಂಗಮ್ ಕಾಲದಲ್ಲಿ ಅಲ್ಲಿಂದ ಅಮೆರಿಕಕ್ಕೆ ಹೋದ ವಸ್ತುಗಳು ಪೆರುವಿಗೆ ಮರಳಿದ್ದು ನೂರು ವರ್ಷದ ಮೇಲೆ, 2011-12ರಲ್ಲಿ. ಈಗ ಅವು ಕುಸ್ಕೋದ ಕಾಸಾ ಕೊಂಚಾ ವಸ್ತುಸಂಗ್ರಹಾಲಯದಲ್ಲಿವೆ. ಮೈ ಒಗ್ಗಿಸಿಕೊಳ್ಳಲು ಕುಸ್ಕೋದಲ್ಲಿ ಉಳಿಯುವ ದಿನಗಳಲ್ಲಿ ಒಂದು ಬೆಳಿಗ್ಗೆ ಅಲ್ಲಿ ಕಳೆಯಿರಿ.

ಕೊನೆಯ ರಾತ್ರಿಯ ವಿಷಯಕ್ಕೆ ಬರುತ್ತೇನೆ. ಊಟದ ಹೊತ್ತಿಗೆ, ಕೆಲವು ತಂಡಗಳಲ್ಲಿ ಅದರ ಹಿಂದಿನ ಸಂಜೆಯೇ, ಪೋರ್ಟರ್‌ಗಳು ಸಾಲಾಗಿ ನಿಲ್ಲುತ್ತಾರೆ. ಒಬ್ಬೊಬ್ಬರೇ ಹೆಸರು, ಊರು, ಮನೆಯಲ್ಲಿ ಎಷ್ಟು ಮಕ್ಕಳು ಎಂದು ಹೇಳುತ್ತಾರೆ, ಗೈಡ್ ಅನುವಾದ ಮಾಡುತ್ತಾರೆ. ನಮ್ಮ ತಂಡದಲ್ಲಿ ಅಂದು ಹಿರಿಯರೊಬ್ಬರು, ಅರವತ್ತರ ಹತ್ತಿರದವರು, ಅದೇ ಸಾಲಿನಲ್ಲಿದ್ದ ತಮ್ಮ ಮಗನ ಹೆಗಲ ಮೇಲೆ ಕೈಯಿಟ್ಟು ‘ಇವನಿಗೆ ಇದು ಮೊದಲ ಹಂಗಾಮು’ ಎಂದರು. ಚಾರಣಿಗರೆಲ್ಲ ಸೇರಿಸಿದ ಟಿಪ್ಸ್ ಹಣವನ್ನು ಆಗ ಕೊಡುವುದು ರೂಢಿ. ಈ ಹಣ ಅವರ ದುಡಿಮೆಯ ದೊಡ್ಡ ಭಾಗ. ಡಾಲರ್ ನೋಟು ಹಳ್ಳಿಯಲ್ಲಿ ಚಿಲ್ಲರೆಯಾಗುವುದು ಕಷ್ಟ; ಕುಸ್ಕೋದಲ್ಲೇ ಸೋಲ್ ನೋಟು, ಅದೂ ಸಣ್ಣ ನೋಟು, ಮಾಡಿಸಿಟ್ಟುಕೊಳ್ಳಿ. ಮಧ್ಯದ ಯಾರ ಕೈಗೂ ಕೊಡದೆ ನೇರವಾಗಿ ಅವರ ಕೈಗೇ ಕೊಡಿ. ‘ಸುಲ್ಪಾಯ್ಕಿ’ ಎಂದು ಕೆಚುವಾದಲ್ಲಿ ವಂದನೆ ಹೇಳಿ. ಅಂದು ಅವರ ಮಾತನ್ನು ಗಮನವಿಟ್ಟು ಕೇಳಿ, ಏಕೆಂದರೆ ಅವರನ್ನೆಲ್ಲ ಒಟ್ಟಿಗೆ ನೀವು ನೋಡುವುದು ಅದೇ ಕೊನೆ.

ಮರುದಿನ ಬೆಳಗಿನ ಜಾವ ಮೂರಕ್ಕೆ ನಿಮ್ಮನ್ನು ಎಬ್ಬಿಸುತ್ತಾರೆ. ಸೂರ್ಯೋದಯಕ್ಕೆ ಮುಂಚೆ ಇಂತಿ ಪುಂಕು ಎಂಬ ಸೂರ್ಯದ್ವಾರಕ್ಕೆ ತಲುಪಬೇಕಲ್ಲ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಬಿಡಾರದ ಮುಂದಿನ ತಪಾಸಣೆ ಗೇಟು ತೆರೆಯುವುದು ಐದೂವರೆಗೆ. ಮೂರೂವರೆಯಿಂದ ಐದೂವರೆಯವರೆಗೆ ನೀವು ಗೇಟಿನ ಬಳಿ ಬೆಂಚಿನ ಮೇಲೆ ಕತ್ತಲಲ್ಲಿ ತೂಕಡಿಸುತ್ತಾ ಕೂತಿರುತ್ತೀರಿ. ಅಷ್ಟು ಬೇಗ ಎಬ್ಬಿಸುವುದಕ್ಕೆ ನಿಜವಾದ ಕಾರಣ ಪೋರ್ಟರ್‌ಗಳ ರೈಲು. ಅವರು ಟೆಂಟ್ ಕಿತ್ತು ಮಡಚಿ, ಮೂಟೆ ಹೊತ್ತು, ಬೇರೆ ದಾರಿಯಲ್ಲಿ ಕಣಿವೆಗೆ ಓಡಿ, ಸ್ಥಳೀಯರಿಗಾಗಿ ಮುಂಜಾನೆ ಬಿಡುವ ರೈಲು ಹಿಡಿಯಬೇಕು. ಅದು ತಪ್ಪಿದರೆ ಅಂದು ಮನೆ ತಲುಪುವುದು ರಾತ್ರಿಯೋ ಮರುದಿನವೋ. ಪ್ರವಾಸಿಗರ ರೈಲಿನಲ್ಲಿ ಅವರಿಗೆ ಜಾಗವಿಲ್ಲ. ಗೇಟಿನ ಬಳಿ ನೀವು ಕೂತಿರುವಾಗ ಬಿಡಾರದ ಕಡೆಯಿಂದ ಕೆಳಮುಖವಾಗಿ ಹಣೆಯ ಟಾರ್ಚುಗಳು ಸರಸರನೆ ಇಳಿಯುವುದು ಕಂಡರೆ, ಹೋಗುತ್ತಿರುವವರು ಅವರೇ. ಮಾಚು ಪಿಚು ಅಲ್ಲಿಂದ ಬರೀ ಎರಡು ಗಂಟೆಯ ನಡಿಗೆ. ಮೂರು ದಿನ ಹೊತ್ತವರು ಆ ಎರಡು ಗಂಟೆ ನಡೆಯುವುದಿಲ್ಲ.

ಇಂತಿ ಪುಂಕುವಿನ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಕೈಕಾಲು ಎರಡೂ ಊರಿ ಹತ್ತುವ ಕಡಿದಾದ ಮೆಟ್ಟಿಲು, ಆಮೇಲೆ ಕಲ್ಲಿನ ಬಾಗಿಲು, ಅದರಾಚೆ ಕೆಳಗೆ ಊರು. ಮಂಜಿದ್ದರೆ ಸ್ವಲ್ಪ ಕಾದು ನೋಡಿ, ಸರಿದರೆ ಆ ನೋಟ ದಕ್ಕುತ್ತದೆ. ಒಳಗೆ ಹೋದ ಮೇಲೆ ನೀರನ್ನು ಹುಡುಕಿ ಎಂದಷ್ಟೇ ಹೇಳುತ್ತೇನೆ. ಬೆಟ್ಟದ ಒರತೆಯಿಂದ 749 ಮೀಟರ್ ಕಾಲುವೆ ತಂದು 16 ಕಾರಂಜಿಗಳಿಗೆ ಹಂಚಿದ್ದಾರೆ. ಮೆಟ್ಟಿಲು ಹೊಲಗಳ ಅಡಿಯಲ್ಲಿ ದೊಡ್ಡ ಕಲ್ಲು, ಜಲ್ಲಿ, ಮರಳು, ಮಣ್ಣು ಪದರ ಪದರವಾಗಿ ಹಾಕಿ ಮಳೆನೀರು ಬಸಿಯುವಂತೆ ಮಾಡಿದ್ದಾರೆ. ಹಂಪಿಯ ಕಲ್ಲಿನ ಮೇಲ್ಗಾಲುವೆಗಳನ್ನು ನೋಡಿ ಬೆಳೆದ ನಮಗೆ ಈ ಕೆಲಸದ ಬೆಲೆ ತಟ್ಟನೆ ತಿಳಿಯುತ್ತದೆ. ಆ ಕೆಲಸವನ್ನು ಮಾಡಿದ ಕೈಗಳಿಗೂ, ಅಷ್ಟೊತ್ತಿಗೆ ರೈಲಿನಲ್ಲಿ ನಿಂತು ಊರಿಗೆ ಮರಳುತ್ತಿರುವ ನಿಮ್ಮ ಪೋರ್ಟರ್‌ಗಳ ಕೈಗಳಿಗೂ ನಡುವೆ ಕಾಲದ ಅಂತರ ಬಿಟ್ಟರೆ ಬೇರೇನೂ ಇಲ್ಲ.

ನಮ್ಮ ತಂಡದ ಆ ಹಿರಿಯ ಪೋರ್ಟರ್ ಮಾಚು ಪಿಚುವನ್ನು ನೋಡಿದ್ದಾರೆಯೇ ಎಂದು ಗೈಡ್ ಮೂಲಕ ಕೇಳಿಸಿದ್ದೆ. ‘ಒಮ್ಮೆ’ ಎಂದರು. ಹಲವು ವರ್ಷ ಮೂಟೆ ಹೊತ್ತ ಮೇಲೆ, ಕೆಲಸ ಮಾಡುತ್ತಿದ್ದ ಏಜೆನ್ಸಿಯವರು ಪೋರ್ಟರ್‌ಗಳನ್ನು ಹೆಂಡತಿ ಮಕ್ಕಳ ಸಮೇತ ಒಂದು ದಿನ ಕರೆದುಕೊಂಡು ಹೋಗಿದ್ದರಂತೆ. ಅವರ ಮಗ ಇನ್ನೂ ನೋಡಿಲ್ಲ. ಇಂಥ ಏಜೆನ್ಸಿಗಳು ಇವೆ, ಆದರೆ ಕಡಿಮೆ. ಎಲ್ಲರೂ ಹೀಗೆ ಮಾಡಬೇಕೆಂಬ ಒತ್ತಾಯ ಬರಬೇಕಾದರೆ ಅದು ಹಣ ಕೊಡುವ ನಮ್ಮ ಕಡೆಯಿಂದಲೇ ಬರಬೇಕು. ನಾವು ಕನ್ನಡದವರು ಪೆರುವಿಗೆ ಹೋಗುವುದು ಕೈಬೆರಳೆಣಿಕೆಯಷ್ಟು ಮಂದಿ, ನಮ್ಮ ಮಾತಿಗೆ ಏನು ಬೆಲೆ ಎನ್ನಬೇಡಿ. ಒಂದು ಬುಕಿಂಗ್ ತಪ್ಪಿದರೆ ಏಜೆನ್ಸಿಗೆ ಅದು ತಟ್ಟುತ್ತದೆ. ಹಿಮಾಲಯದಲ್ಲಿ ನಮಗಾಗಿ ಹೊರುವ ನಮ್ಮವರ ವಿಷಯದಲ್ಲೂ ಈ ಪ್ರಶ್ನೆಗಳನ್ನು ಕೇಳುವ ಅಭ್ಯಾಸ ನಮಗೆ ಇಲ್ಲಿಂದಲೇ ಆಗಲಿ.

ಆದ್ದರಿಂದ ಹಣ ಕಟ್ಟುವ ಮುನ್ನ ಏಜೆನ್ಸಿಗೆ ಒಂದು ಇಮೇಲ್ ಬರೆಯಿರಿ. ಪೋರ್ಟರ್‌ಗೆ ದಿನಕ್ಕೆ ಎಷ್ಟು ಕೊಡುತ್ತೀರಿ, ಅವರು ಎಷ್ಟು ಕಿಲೋ ಹೊರುತ್ತಾರೆ, ಏನು ಉಣ್ಣುತ್ತಾರೆ, ಯಾವುದರ ಮೇಲೆ ಮಲಗುತ್ತಾರೆ, ಅವರಿಗೆ ವಿಮೆ ಇದೆಯೇ, ಅವರಿಗೆ ಮಾಚು ಪಿಚು ತೋರಿಸಿದ್ದೀರಾ ಎಂದು ನೇರವಾಗಿ ಕೇಳಿ. ಉತ್ತರ ಸ್ಪಷ್ಟವಾಗಿ ಬಂದರೆ ಆ ಏಜೆನ್ಸಿಯ ಜೊತೆ ಹೋಗಿ, ದರ ಸ್ವಲ್ಪ ಹೆಚ್ಚಿದ್ದರೂ ಸರಿ. ಉತ್ತರ ಬರದಿದ್ದರೆ ಬೇರೆ ಏಜೆನ್ಸಿ ನೋಡಿ.

ಇಂತಿ,
ನಿಮಗಿಂತ ಮುಂಚೆ ಆ ಹಾದಿ ನಡೆದು ಬಂದ
ನಿಮ್ಮಲ್ಲೊಬ್ಬರು